ಶ್ರೀಶೈಲದ ಕಾಲ್ನಡಿಗೆ: ಹೊರಡುವ ದಿನದ ಲೆಕ್ಕ ಮತ್ತು ಹಾದಿಯ ಊರುಗಳ ಹೊಣೆ

ಭಾರತ ಹುಣ್ಣಿಮೆ ಸಮೀಪಿಸುತ್ತಿದ್ದಂತೆ ಉತ್ತರ ಕರ್ನಾಟಕದ ಅನೇಕ ಗ್ರಾಮಗಳಲ್ಲಿ ಮಲ್ಲಯ್ಯನ ಕಂಬಿ ಹೊರಡುವ ಮಾತು ಆರಂಭವಾಗುತ್ತದೆ. ಯುಗಾದಿಯ ಹೊತ್ತಿಗೆ ಶ್ರೀಶೈಲವನ್ನು ಮುಟ್ಟಬೇಕೆಂಬ ಸಂಕಲ್ಪದಿಂದ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕೊಪ್ಪಳ, ರಾಯಚೂರು ಮೊದಲಾದ ಜಿಲ್ಲೆಗಳ ಭಕ್ತರು ಮನೆಯ ಹೊಸ್ತಿಲಿನಿಂದಲೇ ನಡೆಯತೊಡಗುತ್ತಾರೆ. ಕನ್ನಡ ನಾಡಿನವರು ಭ್ರಮರಾಂಬೆಯನ್ನು ತಮ್ಮ ಮನೆಮಗಳೆಂದೂ ಮಲ್ಲಿಕಾರ್ಜುನನನ್ನು ಅಳಿಯನೆಂದೂ ಭಾವಿಸುವ ವಾಡಿಕೆಯಿರುವುದರಿಂದ, ತವರಿನವರಾಗಿ ಸೀರೆ, ಕುಪ್ಪಸ, ಬಳೆ, ಅರಿಶಿನ ಕುಂಕುಮಗಳನ್ನು ಹೊತ್ತು ಸಾಗುತ್ತಾರೆ. ಮಗಳ ಮನೆಗೆ ಹೊರಟವರನ್ನು ಯಾರೂ ತಡೆಯಲಾರರು. ತಡೆಯುವುದು ಈ ಪಾಠದ ಉದ್ದೇಶವೂ ಅಲ್ಲ. ಹೊರಟವರೆಲ್ಲರೂ ತಲುಪಬೇಕು, ತಲುಪಿದವರೆಲ್ಲರೂ ಮರಳಿ ಬರಬೇಕು. ಇದಕ್ಕಾಗಿ ಗ್ರಾಮ ಪಂಚಾಯಿತಿ ಸದಸ್ಯರು ತಮ್ಮ ಊರಿನಿಂದ ಹೊರಡುವವರಿಗೆ ಏನನ್ನು ತಿಳಿಸಬೇಕು, ತಮ್ಮ ಊರಿನ ಮೂಲಕ ಹಾದುಹೋಗುವವರಿಗೆ ಏನನ್ನು ಒದಗಿಸಬೇಕು ಎಂಬುದಷ್ಟೇ ಇಲ್ಲಿಯ ವಿಷಯ.

ಪಾದಯಾತ್ರೆಯಲ್ಲಿ ಒದಗುವ ಅನಾಹುತಗಳನ್ನು ಒಂದೊಂದಾಗಿ ನೋಡಿದರೆ ಅವು ಬೇರೆ ಬೇರೆಯಾಗಿ ಕಾಣುತ್ತವೆ: ಒಬ್ಬನಿಗೆ ಬಿಸಿಲು ಬಡಿದಿರುತ್ತದೆ, ಇನ್ನೊಬ್ಬನಿಗೆ ನಸುಕಿನಲ್ಲಿ ಲಾರಿ ತಗುಲಿರುತ್ತದೆ, ಮತ್ತೊಬ್ಬನ ಕಾಲು ಹುಣ್ಣಾಗಿ ಕೀವು ತುಂಬಿರುತ್ತದೆ. ಇವುಗಳ ಬೇರು ಬಹುಮಟ್ಟಿಗೆ ಒಂದೇ. ಅದು ತಡವಾಗಿ ಹೊರಡುವುದು.

ದಿನದ ಲೆಕ್ಕ

ಬಾಗಲಕೋಟೆಯ ಸೀಮೆಯಿಂದ ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರುಗಳ ಮಾರ್ಗವಾಗಿ ಶ್ರೀಶೈಲಕ್ಕೆ ಸುಮಾರು 400 ಕಿ.ಮೀ. ದೂರವಿದೆ. ವಿಜಯಪುರದ ಉತ್ತರ ಭಾಗದವರಿಗೆ, ಬೆಳಗಾವಿಯವರಿಗೆ ಇದು ಇನ್ನೂ ಹೆಚ್ಚು. ಒಂದು ತಂಡವು ಹೋಳಿ ಹುಣ್ಣಿಮೆಯನ್ನು ಮುಗಿಸಿಕೊಂಡು ಮರುದಿನ ಹೊರಟು, ಯುಗಾದಿಗೆ ಒಂದೆರಡು ದಿನ ಮುಂಚಿತವಾಗಿ ಕ್ಷೇತ್ರವನ್ನು ತಲುಪಲು ಬಯಸಿತೆನ್ನೋಣ. ನಡುವೆ ಒಂದು ದಿನದ ವಿಶ್ರಾಂತಿಯನ್ನು ಕಳೆದರೆ ನಡೆಯಲು ಉಳಿಯುವುದು ಹನ್ನೆರಡು ದಿನ. 400ನ್ನು 12ರಿಂದ ಭಾಗಿಸಿದರೆ ದಿನವೊಂದಕ್ಕೆ 33 ಕಿ.ಮೀ.ಗಿಂತ ಹೆಚ್ಚು ನಡೆಯಬೇಕಾಗುತ್ತದೆ.

ಈ 33 ಕಿ.ಮೀ. ಸಾಧ್ಯವೇ ಎಂದು ಕೇಳಿದರೆ ಯುವಕರು ಸಾಧ್ಯವೆಂದೇ ಹೇಳುತ್ತಾರೆ. ಅದನ್ನು ಯಾವ ಹೊತ್ತಿನಲ್ಲಿ ನಡೆಯುವುದು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಗುಂಪಿನ ನಡಿಗೆಯ ವೇಗ ಗಂಟೆಗೆ ನಾಲ್ಕೂವರೆ ಕಿ.ಮೀ. ಮೀರುವುದು ಕಷ್ಟ. ಬೆಳಿಗ್ಗೆ ಐದಕ್ಕೆ ಹೊರಟು ಒಂಬತ್ತೂವರೆಗೆ ನಿಂತರೆ, ನಡುವಿನ ಮುಕ್ಕಾಲು ಗಂಟೆಯ ವಿಶ್ರಾಂತಿಯನ್ನು ಕಳೆದು, ಸುಮಾರು 17 ಕಿ.ಮೀ. ಸಾಗಬಹುದು. ಸಂಜೆ ಪೌಣೆ ಐದಕ್ಕೆ ಮತ್ತೆ ಹೊರಟು ಪೌಣೆ ಏಳರ ಹೊತ್ತಿಗೆ ಬೀಡು ಸೇರಿದರೆ ಇನ್ನು ಎಂಟು ಕಿ.ಮೀ. ಒಟ್ಟು 25. ಬಿಸಿಲು ತಾಗದೆ, ಕತ್ತಲೆಯಲ್ಲಿ ಹೆಚ್ಚು ಹೊತ್ತು ಸಿಲುಕದೆ ಒಂದು ದಿನದಲ್ಲಿ ನಡೆಯಬಹುದಾದ ದೂರ ಇಷ್ಟೇ. ಉಳಿದ ಎಂಟು ಕಿ.ಮೀ.ಗೆ ಸುಮಾರು ಎರಡು ಗಂಟೆ ಬೇಕು. ಆ ಎರಡು ಗಂಟೆಯನ್ನು ಹನ್ನೊಂದರ ಬಿಸಿಲಿನಿಂದ ಕಡ ತರಬೇಕು, ಇಲ್ಲವೇ ರಾತ್ರಿಯ ಹೆದ್ದಾರಿಯಿಂದ ಕಡ ತರಬೇಕು. ಮೂರನೆಯ ಮೂಲ ಯಾವುದೂ ಇಲ್ಲ.

ಅದೇ 400 ಕಿ.ಮೀ.ಯನ್ನು ಹದಿನಾರು ದಿನಕ್ಕೆ ಹಂಚಿದರೆ ದಿನಕ್ಕೆ 25 ಬರುತ್ತದೆ. ಅಂದರೆ ತಂಡವು ಹೋಳಿಯ ನಂತರ ಹೊರಡುವ ಬದಲು ಹೋಳಿಗೆ ನಾಲ್ಕು ದಿನ ಮುಂಚಿತವಾಗಿ ಹೊರಟರೆ, ಔಷಧಿ, ಆಂಬುಲೆನ್ಸ್, ಸ್ವಯಂಸೇವಕರು ಇವರೆಲ್ಲ ಸೇರಿ ತಪ್ಪಿಸಬೇಕಾದ ಅಪಾಯದ ದೊಡ್ಡ ಪಾಲು ಪಂಚಾಂಗದಲ್ಲಿಯೇ ತಪ್ಪುತ್ತದೆ. ಬೀಡಿನಿಂದ ಬೀಡಿಗೆ ಇರುವ ಅಂತರ ಪ್ರತಿದಿನವೂ ಸರಿಯಾಗಿ 25 ಇರುವುದಿಲ್ಲವೆಂಬುದು ನಿಜ. ಮೊದಲ ಮೂರು ದಿನ 18ರಿಂದ 20 ಕಿ.ಮೀ.ಗೆ ನಿಲ್ಲಿಸಿ, ಕಾಲು ಪಳಗಿದ ಮೇಲೆ 27–28 ನಡೆಯುವುದು ಒಳ್ಳೆಯದು. ಆದರೆ ವಾಡಿಕೆ ಇದಕ್ಕೆ ತಿರುಗುಮುರುಗು. ಹೊರಟ ದಿನ ಡೊಳ್ಳು, ಭಜನೆ, ಊರವರ ಬೀಳ್ಕೊಡುಗೆಯ ಹುರುಪಿನಲ್ಲಿ 35 ನಡೆದು, ನಾಲ್ಕನೆಯ ದಿನ ಕುಂಟತೊಡಗುತ್ತಾರೆ.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಹೋಳಿಯ ಹಿಂದುಮುಂದಿನ ದಿನಗಳು ಹಿಂಗಾರಿನ ಸುಗ್ಗಿಯ ದಿನಗಳು. ಜೋಳ, ಕಡಲೆ, ಕುಸುಬೆಗಳ ರಾಶಿ ಮುಗಿಯದೆ ರೈತನು ಹೊಲ ಬಿಟ್ಟು ಏಳಲಾರನು. ಕೂಲಿಯವರಿಗೆ ನಾಲ್ಕು ದಿನವೆಂದರೆ ನಾಲ್ಕು ದಿನದ ಕೂಲಿ. ತಡವಾಗಿ ಹೊರಡುವುದಕ್ಕೆ ಸೋಮಾರಿತನ ಕಾರಣವಲ್ಲ. ಆದುದರಿಂದ ಎಲ್ಲರೂ ಮುಂಚಿತವಾಗಿ ಹೊರಡಬೇಕೆಂಬ ಉಪದೇಶವು ಬಹಳ ಮನೆಗಳಲ್ಲಿ ನಡೆಯುವುದಿಲ್ಲ. ಅಂಥವರಿಗೆ ಇರುವ ದಾರಿಯೆಂದರೆ ಕಂಬಿಯನ್ನು ಮುಂಚಿತವಾಗಿ ಕಳುಹಿಸಿ, ತಾವು ನಾಲ್ಕು ದಿನದ ಬಳಿಕ ಬಸ್ಸಿನಲ್ಲಿ ಹೋಗಿ ಹಾದಿಯಲ್ಲಿ ಕೂಡಿಕೊಳ್ಳುವುದು. ಹಾಗೆ ಮಾಡಿದರೆ ಹರಕೆಗೆ ಕುಂದುಂಟೇ ಎಂಬುದನ್ನು ತೀರ್ಮಾನಿಸಬೇಕಾದವರು ಕಂಬಿ ಹೊರುವ ಹಿರಿಯರು ಮತ್ತು ಮಠದವರೇ ಹೊರತು ಪಂಚಾಯಿತಿಯಲ್ಲ. ಸದಸ್ಯರು ಅವರ ಮುಂದೆ ಈ ಭಾಗಾಕಾರವನ್ನು ಇಡಬಹುದು. ಲೆಕ್ಕವನ್ನು ಕಂಡ ಹಿರಿಯರು ಬಹಳ ಸಲ ಸದಸ್ಯರಿಗಿಂತ ಮೊದಲೇ ತಲೆದೂಗುತ್ತಾರೆ. ಹಾದಿಯಲ್ಲಿ ಬಿದ್ದವರನ್ನು ಎತ್ತಿದವರು ಅವರೇ.

ಹೊರಡುವ ಮುನ್ನ ಊರಿನಲ್ಲಿ

ವಾರ್ಡಿನಿಂದ ಹೊರಡುವವರ ಪಟ್ಟಿಯೊಂದನ್ನು ಸದಸ್ಯರು ಶಿವರಾತ್ರಿಯ ಒಳಗಾಗಿ ಬರೆಯಿಸುವುದು ಸೂಕ್ತ. ಹೆಸರು, ವಯಸ್ಸು, ಮನೆಯ ಮೊಬೈಲ್ ಸಂಖ್ಯೆ, ರಕ್ತದ ಗುಂಪು ತಿಳಿದಿದ್ದರೆ ಅದು, ಇರುವ ಕಾಯಿಲೆ, ನುಂಗುವ ಮಾತ್ರೆ ಇಷ್ಟು ಸಾಕು. ಒಂದು ಪ್ರತಿ ಪಂಚಾಯಿತಿಯಲ್ಲಿ, ಒಂದು ತಂಡದ ಮುಖ್ಯಸ್ಥನ ಜೇಬಿನಲ್ಲಿ. ಆಶಾ ಕಾರ್ಯಕರ್ತೆಯರ ನೆರವಿನಿಂದ ಪಟ್ಟಿಯಲ್ಲಿರುವವರ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಲು ಒಂದು ದಿನವನ್ನು ಗೊತ್ತುಪಡಿಸಿದರೆ ಅರ್ಧ ಕೆಲಸ ಮುಗಿದಂತೆ. ರಕ್ತದೊತ್ತಡದ ಮಾತ್ರೆಗಳಲ್ಲಿ ಕೆಲವು ಮೂತ್ರವನ್ನು ಹೆಚ್ಚಿಸುವಂಥವು. ಬಿಸಿಲಿನಲ್ಲಿ ನಡೆಯುವಾಗ ಅವುಗಳ ಪ್ರಮಾಣವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ವೈದ್ಯರನ್ನು ಕೇಳಿಯೇ ಹೊರಡಬೇಕು. ಯಾತ್ರೆಯಲ್ಲಿ ಪಥ್ಯವೇ ಸಾಕೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ.

ಇತ್ತೀಚೆಗೆ ಎದೆನೋವು ಬಂದವರು, ಗರ್ಭಿಣಿಯರು, ಕಾಲಿನಲ್ಲಿ ಮಾಯದ ಗಾಯವಿರುವ ಮಧುಮೇಹಿಗಳು ನಡೆಯಬಾರದು. ಇದನ್ನು ಸದಸ್ಯರು ಹೇಳಿದರೆ ಮುನಿಸು. ವೈದ್ಯರ ಬಾಯಿಂದ ಹೇಳಿಸಿದರೆ ಸಲಹೆ.

ನಡಿಗೆಯ ಅಭ್ಯಾಸಕ್ಕೆ ನಾಲ್ಕು ವಾರ ಬೇಕು. ಹೊಲದಲ್ಲಿ ದಿನವಿಡೀ ದುಡಿಯುವವರಿಗೆ ಅಭ್ಯಾಸವೇಕೆಂದು ಕೇಳುವುದುಂಟು. ಹೊಲದ ಮಣ್ಣು ಮೆತ್ತಗೆ, ಡಾಂಬರು ಹಾಗಲ್ಲ. ಒಂದೇ ಬಗೆಯ ಹೆಜ್ಜೆ, ಒಂದೇ ಗಟ್ಟಿ ನೆಲ, ದಿನಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಬಾರಿ. ಹೊಲದ ದುಡಿಮೆಯಲ್ಲಿ ಪಳಗಿದ ದೇಹಕ್ಕೂ ಇದು ಹೊಸದು. ಭಾರತ ಹುಣ್ಣಿಮೆಯ ಹೊತ್ತಿಗೆ ಆರಂಭಿಸಿ, ಮೊದಲ ವಾರ ಐದು ಕಿ.ಮೀ., ಕೊನೆಯ ವಾರ ಹದಿನೈದು ಕಿ.ಮೀ.ಯಂತೆ, ಯಾತ್ರೆಯಲ್ಲಿ ಮೆಟ್ಟುವ ಪಾದರಕ್ಷೆಯಲ್ಲಿಯೇ, ಬೆನ್ನಿಗೆ ಹೊರುವ ಚೀಲದೊಡನೆಯೇ ನಡೆದು ನೋಡಬೇಕು.

ಪಾದ

ಪಾದಯಾತ್ರೆಯಲ್ಲಿ ಪಾದಕ್ಕೆ ಸಲ್ಲುವ ಗಮನ ಅತ್ಯಂತ ಕಡಿಮೆ. ಹೊಸ ಬೂಟನ್ನು ಹೊರಡುವ ಹಿಂದಿನ ದಿನ ಕೊಳ್ಳುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ನಡೆದಂತೆ ಪಾದ ಊದಿಕೊಳ್ಳುವುದರಿಂದ ಬೂಟು ಸಂಜೆಯ ಹೊತ್ತಿನಲ್ಲಿ ಕೊಂಡದ್ದಾಗಿರಬೇಕು, ಹೆಬ್ಬೆರಳಿನ ಮುಂದೆ ಒಂದು ಬೆರಳಗಲದ ಜಾಗವಿರಬೇಕು, ಒಂದು ತಿಂಗಳಾದರೂ ಮೆಟ್ಟಿ ಪಳಗಿರಬೇಕು. ಕಾಲುಚೀಲ ಮೂರು ಜೊತೆ ಇದ್ದರೆ ಬೆವರಿದ್ದನ್ನು ಬದಲಿಸಬಹುದು; ಒದ್ದೆ ಕಾಲುಚೀಲದಲ್ಲಿ ನಡೆದವನಿಗೆ ಗುಳ್ಳೆ ತಪ್ಪದು. ಉಗುರನ್ನು ನೇರವಾಗಿ ಕತ್ತರಿಸಿ, ಬೆರಳ ಸಂದುಗಳಿಗೂ ಹಿಮ್ಮಡಿಗೂ ತೊಡೆಸಂದಿಗೂ ಬೆಳಿಗ್ಗೆ ವ್ಯಾಸಲೀನ್ ಸವರಿಕೊಳ್ಳಬೇಕು. ತೊಡೆ ಉಜ್ಜಿ ಹುಣ್ಣಾದದ್ದನ್ನು ಸಂಕೋಚದಿಂದ ಯಾರಿಗೂ ಹೇಳದೆ ಮೂರು ದಿನ ನಡೆದು, ನಾಲ್ಕನೆಯ ದಿನ ಟ್ರ್ಯಾಕ್ಟರ್ ಏರಿದವರು ಪ್ರತಿ ತಂಡದಲ್ಲಿಯೂ ಸಿಗುತ್ತಾರೆ.

ಗುಳ್ಳೆ ಏಳುವ ಮುನ್ನ ಆ ಜಾಗ ಬಿಸಿಯಾಗಿ ಚುರುಗುಟ್ಟುತ್ತದೆ. ಆಗಲೇ ನಿಂತು ಅಂಟುಪಟ್ಟಿ ಹಚ್ಚಬೇಕು. ಮುಂದಿನ ಊರಿನಲ್ಲಿ ನೋಡಿದರಾಯಿತೆಂದರೆ ಹೊತ್ತು ಮೀರುತ್ತದೆ. ಚಿಕ್ಕ ಗುಳ್ಳೆಯನ್ನು ಒಡೆಯಬಾರದು. ದೊಡ್ಡದಾಗಿ ನಡೆಯಲು ಆಗದಿದ್ದರೆ, ಕೈ ತೊಳೆದು, ಸ್ಪಿರಿಟ್‌ನಿಂದ ಶುದ್ಧಗೊಳಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರನ್ನು ಇಳಿಸಿ, ಮೇಲಿನ ಚರ್ಮವನ್ನು ಕೀಳದೆ ಹಾಗೆಯೇ ಉಳಿಸಿ, ಶುದ್ಧವಾದ ಪಟ್ಟಿಯನ್ನು ಕಟ್ಟಬೇಕು. ಗುಳ್ಳೆಯ ಮೂಲಕ ದಾರ ಪೋಣಿಸಿ ಬಿಡುವ ಹಳೆಯ ಪದ್ಧತಿಯನ್ನು ಕೈಬಿಡಬೇಕು. ದಾರದ ಗುಂಟ ಕೊಳೆ ಒಳಸೇರುತ್ತದೆ. ಮಧುಮೇಹಿಗಳು ಸೂಜಿಯನ್ನು ಮುಟ್ಟಲೇಬಾರದು, ನೇರವಾಗಿ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಬರಿಗಾಲಿನ ಹರಕೆ ಹೊತ್ತವರ ವಿಷಯ ಸೂಕ್ಷ್ಮವಾದದ್ದು. ಗಾಳಿಯ ಉಷ್ಣತೆ 40 ಡಿಗ್ರಿ ಇರುವಾಗ ಡಾಂಬರಿನ ಮೇಲ್ಮೈ 60 ಡಿಗ್ರಿಯನ್ನು ಮೀರಬಲ್ಲದು. ಕಾಲಿನ ಸ್ಪರ್ಶ ಮಂದವಾಗಿರುವ ಮಧುಮೇಹಿಗೆ ಸುಟ್ಟದ್ದೇ ತಿಳಿಯುವುದಿಲ್ಲ. ಸಂಜೆ ಕಾಲು ತೊಳೆಯುವಾಗ ಚರ್ಮ ಸುಲಿದಿರುವುದು ಕಾಣುತ್ತದೆ. ನಸುಕಿನ ತಂಪು ನೆಲದಲ್ಲಿ ಬರಿಗಾಲಿನಿಂದ ನಡೆದು, ಬಿಸಿಲೇರಿದ ಬಳಿಕ ಮೆಟ್ಟು ಧರಿಸುವಂತೆಯೂ ಮಲೆಯ ಕೊನೆಯ ಹಾದಿಯನ್ನು ಬರಿಗಾಲಿನಲ್ಲಿ ಪೂರೈಸುವಂತೆಯೂ ಹಿರಿಯರಿಂದ ಅನುಮತಿ ಕೊಡಿಸುವುದು ಸಾಧ್ಯ. ಮರಗಾಲು ಕಟ್ಟಿ ನಡೆಯುವವರಿಗೆ ಈ ತೊಂದರೆಯಿಲ್ಲ. ಆದರೆ ಅವರ ಅಕ್ಕಪಕ್ಕದಲ್ಲಿ ಸದಾ ಇಬ್ಬರು ಇರತಕ್ಕದ್ದು, ಮತ್ತು ಕತ್ತಲೆಯಲ್ಲಿ ಅವರು ರಸ್ತೆಗೆ ಇಳಿಯಕೂಡದು.

ಬಿಸಿಲು ಮತ್ತು ನೀರು

ನಡೆಯುವವನು ಬಾಯಾರಿಕೆಗಾಗಿ ಕಾಯಬಾರದು. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು. ಮೂತ್ರದ ಬಣ್ಣ ಗಾಢವಾಗಿದ್ದರೆ ನೀರು ಸಾಲದೆಂದೇ ತಿಳಿಯಬೇಕು. ಬರೀ ನೀರನ್ನೇ ಮಿತಿಮೀರಿ ಕುಡಿದರೂ ದೇಹದ ಉಪ್ಪು ತಗ್ಗಿ ತಲೆಸುತ್ತು, ವಾಂತಿ ಬರಬಹುದಾದ್ದರಿಂದ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ಓಆರ್‌ಎಸ್ ಜೊತೆಗಿರಬೇಕು. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು. ಒಂದು ಲೀಟರಿನ ಪೊಟ್ಟಣವನ್ನು ಲೋಟಕ್ಕೆ ಸುರಿದು ಕುಡಿಯುವುದು ಹಾನಿಕರ. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು.

ಬಿಸಿಲಾಘಾತವನ್ನು ಗುರುತಿಸುವಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಬೆವರು ನಿಂತರೆ ಮಾತ್ರ ಬಿಸಿಲು ಬಡಿದಂತೆ ಎಂದು ಜನ ನಂಬುತ್ತಾರೆ. ನಡೆಯುತ್ತಿರುವವನಿಗೆ ಮೈಯೆಲ್ಲ ಬೆವರುತ್ತಿರುವಾಗಲೂ ಬಿಸಿಲಾಘಾತವಾಗಬಹುದು. ನೋಡಬೇಕಾದದ್ದು ಬುದ್ಧಿಯ ತೊಡಕು: ಮಾತು ತೊದಲುವುದು, ಕರೆದರೆ ಸರಿಯಾಗಿ ಉತ್ತರಿಸದಿರುವುದು, ಕಾರಣವಿಲ್ಲದೆ ಸಿಡುಕುವುದು, ಹೆಜ್ಜೆ ತಪ್ಪುವುದು. ಮೈ ಕೆಂಡದಂತೆ ಸುಡುತ್ತಿದ್ದು ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು. ಆದರೆ ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯುವಂತಿಲ್ಲ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಬೀಸುತ್ತಲೇ ಇರಬೇಕು. ಮಂಜುಗಡ್ಡೆ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ಇಡಬೇಕು. ಹೊಲದ ಪಕ್ಕದ ಪಂಪ್‌ಸೆಟ್ಟಿನ ನೀರಿಗಿಂತ ಉತ್ತಮವಾದ ಔಷಧಿ ಆ ಹೊತ್ತಿಗೆ ಬೇರೆಯಿಲ್ಲ. ಪೂರ್ತಿ ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಕೂಡದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಮಹಿಳಾ ಯಾತ್ರಿಕರ ವಿಷಯದಲ್ಲಿ ನೀರಿನ ಪ್ರಶ್ನೆಯು ಶೌಚಾಲಯದ ಪ್ರಶ್ನೆಯೇ ಆಗಿದೆ. ಬಯಲಿನಲ್ಲಿ, ಬೆಳಕಿರುವಾಗ, ಗುಂಪಿನ ನಡುವೆ ಮೂತ್ರಕ್ಕೆ ಹೋಗಲು ಎಡೆಯಿಲ್ಲದ ಕಾರಣ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಅದರ ಫಲವಾಗಿ ಉರಿಮೂತ್ರ, ಜ್ವರ, ತಲೆಸುತ್ತು. ಅರವಟ್ಟಿಗೆಯಲ್ಲಿ ಎಷ್ಟೇ ತಂಪು ನೀರಿದ್ದರೂ ಅದು ಅವರ ಹೊಟ್ಟೆಯನ್ನು ಸೇರುವುದಿಲ್ಲ. ಹಾದಿಯ ಊರಿನ ಪಂಚಾಯಿತಿಗಳು ಶಾಲೆಯ ಮತ್ತು ಸಮುದಾಯದ ಶೌಚಾಲಯಗಳನ್ನು ನಸುಕಿನ ನಾಲ್ಕರಿಂದ ರಾತ್ರಿ ಹತ್ತರವರೆಗೆ ತೆರೆದಿಟ್ಟು, ಒಳಗೆ ನೀರು, ಬಕೆಟ್, ದೀಪ, ಚಿಲಕ ಇವು ಸರಿಯಿವೆಯೇ ಎಂದು ಒಬ್ಬ ಸದಸ್ಯೆಯು ಸ್ವತಃ ಒಳಹೊಕ್ಕು ನೋಡುವುದು ಅವಶ್ಯ. ಕೀಲಿಕೈ ಯಾರ ಬಳಿ ಇದೆ ಎಂಬುದನ್ನು ಬಾಗಿಲ ಮೇಲೆ ಬರೆಯುವ ಬದಲು ಕೀಲಿಯನ್ನೇ ಹಾಕದಿರುವುದು ಲೇಸು. ಊರಿನ ಹೊರಗೆ ಬೀಡು ಬಿಡುವ ಕಡೆ ಗುಂಡಿ ತೋಡಿ, ತಟ್ಟಿ ಅಥವಾ ತಗಡು ಮರೆ ಕಟ್ಟಿ, ಬೀಡು ಎದ್ದ ಮೇಲೆ ಮಣ್ಣು ಮುಚ್ಚಿಸಬೇಕು. ಬಳಸಿದ ನ್ಯಾಪ್‌ಕಿನ್ ಹಾಕಲು ಮುಚ್ಚಳವಿರುವ ಡಬ್ಬಿಯೊಂದನ್ನು ಒಳಗಿಡುವುದನ್ನು ಮರೆಯಬಾರದು. ಸ್ನಾನಕ್ಕೆ ಮರೆಯಿರುವ ಎರಡು ಕಟ್ಟೆಗಳಿದ್ದರೂ ನಸುಕಿನ ಸಾಲು ಬೇಗ ಕರಗುತ್ತದೆ.

ಕತ್ತಲೆಯ ರಸ್ತೆ

ಮಾರ್ಚ್ ಕೊನೆಯಲ್ಲಿ ಈ ಸೀಮೆಯಲ್ಲಿ ಸೂರ್ಯೋದಯ ಆರೂಕಾಲರ ಆಸುಪಾಸು. ಐದಕ್ಕೆ ಹೊರಡುವ ತಂಡವು ಒಂದು ಗಂಟೆಯಷ್ಟು ಕತ್ತಲೆಯಲ್ಲಿ ನಡೆಯಲೇಬೇಕಾಗುತ್ತದೆ. ಬಿಳಿ ಬಟ್ಟೆ ತೊಟ್ಟಿದ್ದೇವೆ, ಚಾಲಕನಿಗೆ ಕಾಣುತ್ತದೆ ಎಂಬ ಧೈರ್ಯ ಸಲ್ಲದು. ಗಂಟೆಗೆ 80 ಕಿ.ಮೀ. ವೇಗದ ವಾಹನವು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ತಗ್ಗಿಸಿದ ದೀಪದ ಬೆಳಕು ಸರಿಯಾಗಿ ಬೀಳುವುದು ಸುಮಾರು 40ರಿಂದ 50 ಮೀಟರ್. ಕಂಡು, ಅರಿತು, ಬ್ರೇಕ್ ಮೆಟ್ಟುವ ಹೊತ್ತಿಗೆ ಎರಡು ಸೆಕೆಂಡು ಕಳೆದರೆ ವಾಹನ ಆಗಲೇ ಯಾತ್ರಿಕನ ಬಳಿ ಇರುತ್ತದೆ. ಜನರು ರೇಡಿಯಂ ಪಟ್ಟಿ ಎಂದು ಕರೆಯುವ ಪ್ರತಿಫಲಕ ಅಂಟುಪಟ್ಟಿ ಇದರ ಮೂರ್ನಾಲ್ಕು ಪಟ್ಟು ದೂರದಿಂದಲೇ ಹೊಳೆಯುತ್ತದೆ. ಒಂದು ಗೇಣುದ್ದದ ಪಟ್ಟಿಯನ್ನು ಚೀಲದ ಹಿಂದೆ, ಇನ್ನೊಂದನ್ನು ಎದೆಗೆ, ಕಂಬಿಯ ಎರಡೂ ತುದಿಗೆ, ಮರಗಾಲಿಗೆ ಅಂಟಿಸುವ ವೆಚ್ಚ ಒಬ್ಬನಿಗೆ ಒಂದು ಚಹಾದ ಬೆಲೆಯ ಆಸುಪಾಸು. ಪಂಚಾಯಿತಿಯು ತನ್ನ ಸ್ವಂತ ಸಂಪನ್ಮೂಲದಿಂದ ಮಾಡಬಹುದಾದ ವೆಚ್ಚಗಳಲ್ಲಿ ಇದಕ್ಕಿಂತ ಸಾರ್ಥಕವಾದದ್ದು ವಿರಳ.

ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನವನ್ನು ನೋಡುತ್ತ, ಒಬ್ಬರ ಹಿಂದೊಬ್ಬರಾಗಿ ಡಾಂಬರಿನ ಅಂಚು ಬಿಟ್ಟು ಮಣ್ಣಿನ ಬದಿಯಲ್ಲಿ ನಡೆಯಬೇಕು. ಮುಂದೆ ಒಬ್ಬ ಬ್ಯಾಟರಿಯವನು, ಹಿಂದೆ ಒಬ್ಬ ಬ್ಯಾಟರಿಯವನು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೆಯುವ ಯುವಕರನ್ನು ನಡುವೆ ಹಾಕುವುದಲ್ಲ, ಅದನ್ನು ಕಿತ್ತಿಡಿಸುವುದೇ ಸರಿ. ಸಾಮಾನು ಹೊತ್ತ ಟ್ರ್ಯಾಕ್ಟರಿನ ಟ್ರೇಲರಿಗೆ ಹಿಂದಿನ ದೀಪವಿಲ್ಲದಿರುವುದು ಸರ್ವೇಸಾಮಾನ್ಯ. ಹೊರಡುವ ಮುನ್ನ ಅದಕ್ಕೆ ಕೆಂಪು ಪ್ರತಿಫಲಕಗಳನ್ನು ಹಚ್ಚಿಸಬೇಕು, ದಣಿದವರನ್ನು ಸಾಮಾನಿನ ಮೇಲೆ ಕೂರಿಸಬಾರದು. ದಣಿದು ರಸ್ತೆಯ ಅಂಚಿನಲ್ಲಿ, ನಿಂತ ಲಾರಿಯ ನೆರಳಿನಲ್ಲಿ ಅಥವಾ ಅದರ ಅಡಿಯಲ್ಲಿ ಮಲಗುವುದನ್ನು ಕಂಡರೆ ಯಾವ ಊರಿನವರಾದರೂ ಎಬ್ಬಿಸಿ ಶಾಲೆಗೋ ಗುಡಿಗೋ ಕಳುಹಿಸಬೇಕು.

ಹಾದಿಯ ಊರಿನಲ್ಲಿ

ಕುಡಿಯುವ ನೀರು, ನೈರ್ಮಲ್ಯ, ಬೀದಿದೀಪಗಳು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 58ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳೇ ಆಗಿವೆ. ಯಾತ್ರಿಕರು ಬೇರೆ ತಾಲ್ಲೂಕಿನವರೆಂಬ ಕಾರಣಕ್ಕೆ ಅವು ದಾಸೋಹವಾಗಿ ಮಾರ್ಪಡುವುದಿಲ್ಲ.

ಮಧ್ಯಾಹ್ನದ ಬೀಡಿಗೆ 600 ಜನ ಬರುವ ಊರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕುಡಿಯಲು ನಾಲ್ಕು ಲೀಟರ್, ಅಡುಗೆಗೂ ಕೈಕಾಲು ತೊಳೆಯಲೂ ಆರು ಲೀಟರ್ ಎಂದರೆ 6,000 ಲೀಟರ್. ಸ್ನಾನವೂ ಆಗಬೇಕಾದರೆ ಇದರ ಎರಡು ಮೂರು ಪಟ್ಟು. ಅವರು ಬರುವುದು ಬೆಳಿಗ್ಗೆ ಒಂಬತ್ತೂವರೆಗೆ. ತ್ರೀ ಫೇಸ್ ವಿದ್ಯುತ್ ಆ ಊರಿಗೆ ಯಾವ ಹೊತ್ತಿಗೆ ಬರುತ್ತದೆ ಎಂಬುದನ್ನು ನೀರುಗಂಟಿಯು ಮೊದಲೇ ತಿಳಿದು ಮೇಲ್ತೊಟ್ಟಿಯನ್ನು ಹಿಂದಿನ ರಾತ್ರಿಯೇ ತುಂಬಿಸದಿದ್ದರೆ, ಯಾತ್ರಿಕರು ಬರುವ ಹೊತ್ತಿಗೂ ಊರವರು ಕೊಡ ಹಿಡಿದು ಬರುವ ಹೊತ್ತಿಗೂ ಒಂದೇ ನಲ್ಲಿ ಉಳಿಯುತ್ತದೆ. ಜಗಳ ಅಲ್ಲಿಂದ ಹುಟ್ಟುತ್ತದೆ. ವಿದ್ಯುತ್ ಕಂಪನಿಯ ಶಾಖಾಧಿಕಾರಿಗೆ ಹದಿನೈದು ದಿನ ಮುಂಚಿತವಾಗಿ ಪತ್ರ ಬರೆದು, ದಿನಾಂಕಗಳನ್ನು ತಿಳಿಸಿ, ಒಪ್ಪಿಗೆ ಪಡೆಯುವುದು ಕ್ಷೇಮ.

ತೊಟ್ಟಿಯನ್ನು ತೊಳೆಸಿದ ಬಳಿಕ, ತಿಳಿಯಾದ ನೀರಿಗೆ 1,000 ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಬೇಕು. 6,000 ಲೀಟರಿಗೆ 15 ಗ್ರಾಂ. ಪುಡಿಯನ್ನು ನೇರವಾಗಿ ತೊಟ್ಟಿಗೆ ಎರಚುವುದು ತಪ್ಪು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಸುರಿದು ಒಂದು ಗಂಟೆ ಬಿಡಬೇಕು. ಬಾಯಿ ತೆರೆದಿಟ್ಟ ಹಳೆಯ ಚೀಲದ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿ ಸುಣ್ಣ ಮಾತ್ರ ಉಳಿದಿರುತ್ತದೆ. ಆದುದರಿಂದ ಕ್ಲೋರೋಸ್ಕೋಪ್‌ನಲ್ಲಿ ನೋಡದೆ ತೃಪ್ತಿಪಡಬಾರದು: ಒಂದು ಗಂಟೆಯ ಬಳಿಕ ಲೀಟರಿಗೆ 0.5 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು, ನಲ್ಲಿಯ ತುದಿಯಲ್ಲಿ 0.2ಕ್ಕೆ ಇಳಿಯಬಾರದು. ಟ್ಯಾಂಕರ್ ನೀರಿಗೂ ಇದೇ ನಿಯಮ. ಒಂದು ಬೀಡಿನಲ್ಲಿ ಕುಡಿದ ನೀರಿನ ಭೇದಿ ಎರಡು ಬೀಡು ಆಚೆ ಕಾಣಿಸಿಕೊಳ್ಳುವುದರಿಂದ, ತಪ್ಪು ಮಾಡಿದ ಊರಿಗೆ ಅದು ತಿಳಿಯುವುದೇ ಇಲ್ಲ.

ಅರವಟ್ಟಿಗೆಯನ್ನು ಎಲ್ಲರೂ ಬಸ್ ನಿಲ್ದಾಣದ ಎದುರು, ಫಲಕ ಚೆನ್ನಾಗಿ ಕಾಣುವಲ್ಲಿ ಕಟ್ಟುತ್ತಾರೆ. ಊರೊಳಗೆ ನೀರು ಹೇಗೂ ಸಿಗುತ್ತದೆ. ಬೇಕಾದದ್ದು ಎರಡು ಊರುಗಳ ನಡುವಿನ ಬಯಲಿನಲ್ಲಿ, ಮರವೊಂದರ ಅಡಿಯಲ್ಲಿ, ಪ್ರತಿ ಮೂರು ನಾಲ್ಕು ಕಿ.ಮೀ.ಗೆ ಒಂದು. ಅಕ್ಕಪಕ್ಕದ ಪಂಚಾಯಿತಿಗಳು ಕುಳಿತು ಕಿಲೋಮೀಟರ್ ಕಲ್ಲಿನ ಆಧಾರದಲ್ಲಿ ಹಂಚಿಕೊಂಡರೆ ಒಂದೇ ಕಡೆ ಮೂರು, ಮುಂದಿನ ಹತ್ತು ಕಿ.ಮೀ. ಶೂನ್ಯ ಎಂಬ ಸ್ಥಿತಿ ತಪ್ಪುತ್ತದೆ. ನಲ್ಲಿಯಿರುವ ಡ್ರಮ್ಮು, ಉದ್ದ ಹಿಡಿಕೆಯ ಸೌಟು, ಸ್ಟೀಲ್ ಲೋಟಗಳು ಮತ್ತು ಅವನ್ನು ತೊಳೆಯುವ ಒಬ್ಬರು ಇದ್ದರೆ ಪ್ಲಾಸ್ಟಿಕ್ ಲೋಟದ ರಾಶಿ ಹೊಲಗಳಿಗೆ ಹಾರುವುದಿಲ್ಲ. ಸ್ವಚ್ಛತಾ ವಾಹನವು ಪ್ರತಿದಿನ ಬೀಡು ಎದ್ದ ಒಂದು ಗಂಟೆಯೊಳಗೆ ಹೋಗಬೇಕು.

ದಾಸೋಹ ಮಾಡುವವರಿಗೆ ಬೇಡವೆನ್ನುವುದು ಕಷ್ಟವಾದರೂ ಮಿರ್ಚಿ ಬಜಿ, ಬೂಂದಿಗಳನ್ನು ಹತ್ತು ಕಡೆ ತಿಂದ ಹೊಟ್ಟೆ ನಡೆಯಲಾರದೆಂದು ತಿಳಿಸಬಹುದು. ರೊಟ್ಟಿ, ಪಲ್ಯ, ಅನ್ನ, ಸಾರು, ಬಾಳೆಹಣ್ಣು, ಮಜ್ಜಿಗೆ ಸಾಕು. ರಾತ್ರಿ ಕಲಸಿದ ಚಿತ್ರಾನ್ನವನ್ನು ಬೆಳಿಗ್ಗೆ ಹಂಚುವುದನ್ನು ಮಾತ್ರ ಕಟ್ಟುನಿಟ್ಟಾಗಿ ತಡೆಯಬೇಕು.

ಮಲೆಯ ಹಾದಿ

ರಾಯಚೂರನ್ನು ದಾಟಿದ ಮೇಲೆ ರಾಜ್ಯ ಬದಲಾಗುತ್ತದೆ, ಭಾಷೆ ಬದಲಾಗುತ್ತದೆ, 108 ಬದಲಾಗುವುದಿಲ್ಲ. ಆದರೂ ಪ್ರತಿಯೊಬ್ಬರ ಕೊರಳಿನಲ್ಲಿ ಹೆಸರು, ಊರು, ಮನೆಯ ಮೊಬೈಲ್ ಸಂಖ್ಯೆ ಮತ್ತು ಕಾಯಿಲೆಯನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆದ ಚೀಟಿ ಇರುವುದು ಮೇಲು.

ಆತ್ಮಕೂರಿನ ಬಳಿಯ ವೆಂಕಟಾಪುರದಿಂದ ಆಚೆ ನಲ್ಲಮಲ ಅರಣ್ಯ ಆರಂಭವಾಗುತ್ತದೆ. ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು, ಕೈಲಾಸ ದ್ವಾರಗಳ ಮೂಲಕ ಸಾಗುವ ಈ ಕಾಲುದಾರಿ ಹುಲಿ ಸಂರಕ್ಷಿತ ಪ್ರದೇಶದೊಳಗಿದ್ದು, ಅರಣ್ಯ ಇಲಾಖೆ ಗೊತ್ತುಪಡಿಸಿದ ದಿನಗಳಲ್ಲಿ ಮತ್ತು ವೇಳೆಯಲ್ಲಿ ಮಾತ್ರ ಪ್ರವೇಶಿಸಬೇಕು. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಈ ಮಲೆಗೆ ಬಂದಳೆಂಬ ನೆನಪು ಕನ್ನಡಿಗರ ಹೆಜ್ಜೆಗೆ ಬಲ ಕೊಡುತ್ತದೆಯಾದರೂ, ಹತ್ತಿಪ್ಪತ್ತು ದಿನ ನಡೆದು ಸವೆದ ಮೊಣಕಾಲಿಗೆ ಅತ್ಯಂತ ಕಠಿಣವಾದ ಪರೀಕ್ಷೆ ಒದಗುವುದು ಇಲ್ಲಿಯೇ. ಭೀಮುನಿ ಕೊಲನಿನ ಕಣಿವೆಗೆ ಇಳಿಯುವುದು, ಅಲ್ಲಿಂದ ಕೈಲಾಸ ದ್ವಾರಕ್ಕೆ ಕಲ್ಲುಮೆಟ್ಟಿಲು ಏರುವುದು ಎರಡೂ ಕಡಿದು. ಏರುವಾಗ ಎದೆ ದುಡಿಯುತ್ತದೆ, ಇಳಿಯುವಾಗ ಮೊಣಕಾಲು. ಕೈಯಲ್ಲಿ ಒಂದು ಗಟ್ಟಿ ಕೋಲಿದ್ದರೆ ಎರಡಕ್ಕೂ ಆಸರೆ. ಹೃದಯದ ತೊಂದರೆಯುಳ್ಳವರು ವೆಂಕಟಾಪುರದವರೆಗೆ ನಡೆದು, ಉಳಿದದ್ದನ್ನು ಬಸ್ಸಿನಲ್ಲಿ ಪೂರೈಸುವುದು ಸೂಕ್ತ. ಬೇಸಿಗೆಯಲ್ಲಿ ಹಳ್ಳಕೊಳ್ಳಗಳನ್ನು ನೆಚ್ಚುವಂತಿಲ್ಲವಾದ್ದರಿಂದ ಕಾಡು ಹೊಗುವಾಗ ತಲೆಗೆ ಮೂರು ಲೀಟರ್ ನೀರು ಇರಲೇಬೇಕು. ಒಂಟಿಯಾಗಿ, ಕತ್ತಲಾದ ಮೇಲೆ, ಒಳದಾರಿ ಹಿಡಿದು ಹೋಗಕೂಡದು. ಒಣಗಿದ ಎಲೆಯ ಮೇಲೆ ಒಲೆ ಹೂಡಬಾರದು, ಬೀಡಿ ಎಸೆಯಬಾರದು. ಮೊಬೈಲ್ ಸಂಪರ್ಕ ಸಿಗದ ಈ ಭಾಗವನ್ನು ಹೊಗುವ ಮುನ್ನ ತಂಡದ ಮುಖ್ಯಸ್ಥನು ತಲೆಗಳನ್ನು ಎಣಿಸಿ ಊರಿಗೆ ಕರೆ ಮಾಡಬೇಕು. ಕೈಲಾಸ ದ್ವಾರವನ್ನು ಏರಿದ ಮೇಲೆ ಮತ್ತೆ ಎಣಿಸಬೇಕು.

ಮರಳುವುದು ಬಹುತೇಕ ಬಸ್ಸಿನಲ್ಲಿ. ಬಂದ ವಾರದೊಳಗೆ ಪಟ್ಟಿಯಲ್ಲಿರುವ ಪ್ರತಿಯೊಂದು ಹೆಸರಿನ ಎದುರು ಬಂದದ್ದನ್ನು ಗುರುತು ಹಾಕಿ, ಕಾಲಿನ ಗಾಯ ಮಾಯದವರನ್ನು ಆಶಾ ಕಾರ್ಯಕರ್ತೆಯ ಮೂಲಕ ಆರೋಗ್ಯ ಕೇಂದ್ರಕ್ಕೆ ಕಳುಹಿಸತಕ್ಕದ್ದು. ಹಾದಿಯ ಪಂಚಾಯಿತಿಗಳು ಯಾವ ದಿನ ಎಷ್ಟು ಜನ ಬಂದರು, ಎಷ್ಟು ಲೀಟರ್ ನೀರು ಮುಗಿಯಿತು, ಯಾವ ಹೊತ್ತಿಗೆ ವಿದ್ಯುತ್ ಕೈಕೊಟ್ಟಿತು ಎಂಬುದನ್ನು ಒಂದು ಪುಟದಲ್ಲಿ ಬರೆದು ಕಡತದಲ್ಲಿ ಇಡಬೇಕು. ಮುಂದಿನ ಭಾರತ ಹುಣ್ಣಿಮೆಯ ಹೊತ್ತಿಗೆ ನೀರುಗಂಟಿ ಬದಲಾಗಿರಬಹುದು, ಅಭಿವೃದ್ಧಿ ಅಧಿಕಾರಿಯೂ ವರ್ಗವಾಗಿ ಹೋಗಿರಬಹುದು.